ಹಪ್ಪಳದ ಮೇಲಿನ ಮಸಿ

ಹಲಸಿನ ಕಾಲ ಬಂತು, ಹಪ್ಪಳದ ಮಾತು ತೆಗೆಯದೆ ಹ್ಯಾಂಗೆ ಇಪ್ಪುದು? ಆದರೆ ಈ ಸಲ ತೊಳೆಯ ಅಳತೆ, ಖಾರದ ಹದ ಎಂತದೂ ಬರೆಯುವುದಿಲ್ಲ. ಹಪ್ಪಳದ ಮೇಲೆ ಕೂತ ಮಸಿಯ ಕತೆ ಬರೀತೆ. ಸ್ವಲ್ಪ ಉದ್ದ ಇತ್ತ್, ಚಾ ಕುಡ್ಕಂಡ್ ಓದಿ.

ಹೋದ ವರ್ಷ ಮೇ ತಿಂಗಳಲ್ಲಿ ನಾನೂ ಅತ್ತೆಯೂ ಸೇರಿ ಇನ್ನೂರು ಹಪ್ಪಳ ತಟ್ಟಿದ್ದೆವು. ಎರಡು ಬಿಸಿಲು ಸಿಕ್ಕಿತ್ತು. ಮೂರನೇ ಬಿಸಿಲಿಗೆ ಡಬ್ಬಿ ಸೇರಬೇಕು. ಬೈಸಾರಿ ಮೋಡ ಕಂಡಿತು ಅಂದೇಳಿ ಚಾಪೆ ಸಮೇತ ಎಳ್ಕಂಡ್ ಬಂದು ಜಗುಲಿಯಲ್ಲಿ ಇಟ್ಟೆ. ಮುಚ್ಚಿದರೆ ಬೆವತು ಬೂಸ್ಟು ಹಿಡಿದೀತು ಅಂತ ಮುಚ್ಚಲೂ ಇಲ್ಲ. ಹೊತಾರೆ ಎದ್ದು ಕಾಂಬತಿಗೆ ಹಪ್ಪಳದ ಮೇಲೆಲ್ಲ ಕರಿ ಕರಿ ಹುಡಿ. ಬೆರಳಲ್ಲಿ ಒರೆಸಿದರೆ ಹುಡಿ ಹೋಗಿ ಗೆರೆ ಆಯ್ತು.

"ಬಚ್ಚಲೊಲಿ ಮಸಿ ಆಯ್ಕ್ ಅತ್ತೆ" ಅಂದೆ.

ಅತ್ತೆ ಒಂದು ಹಪ್ಪಳ ತೆಗೆದು ಮೂಗಿನ ಹತ್ತಿರ ಹಿಡಿದರು. "ಬಚ್ಚಲೊಲಿ ಮಸಿ ಹಿತ್ಲ್ ಬದಿಗೆ ಹೋತ್ ಹೆಣ್ಣೆ. ಇದ್ ಎದ್ರ್ ಬದಿಂದ ಬಂದದ್. ಸೌದಿ ಮಸಿಗೆ ಈ ನಾತ ಇಲ್ಲೆ" ಅಂದರು.

ಹೊಗೆಯ ವಿಷಯದಲ್ಲಿ ಅತ್ತೆಯ ಮಾತು ತೆಗೆದು ಹಾಕುವ ಹಾಗಿಲ್ಲ. ಅವರಿಗೆ ಈಗ 78. ಈ ಮನೆಗೆ ಬಂದ ಮೇಲೆ ಹತ್ತಿರ ಹತ್ತಿರ ಐವತ್ತು ವರ್ಷ ಸೌದೆ ಒಲೆ ಊದಿದ್ದಾರೆ. ಮಳೆಗಾಲದ ಹಸಿ ಸೌದೆ, ಕಾಯಿಸಿಪ್ಪೆ, ತೆಂಗಿನ ಮಡ್ಲು, ಯಾವುದರ ಹೊಗೆ ಕಣ್ಣಿಗೆ ಉರಿ, ಯಾವುದು ಗಂಟಲಿಗೆ ಅಂತ ಅವರಿಗೆ ಬಾಯಿಪಾಠ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಊರೂರಿಗೆ ಬಂತಲ್ಲ, ಮೂರು ಪಾತ್ರೆ ಒಟ್ಟಿಗೆ ಇಡುವ, ಹೊಗೆ ಕೊಳವೆಯಲ್ಲಿ ಮಾಡಿನಾಚೆ ಹೋಗುವ ಒಲೆ, ಅದನ್ನೂ ಕಂಡವರು. ಆಮೇಲೆ ಗ್ಯಾಸು. ಅಡುಗೆಮನೆಯ ಗೋಡೆಗೆ ಸುಣ್ಣ ಹೊಡೆದ ದಿವಸ ಅತ್ತೆ, "ಇನ್ನ್ ಸಾಯುವರಿಗೂ ನಂಗ್ ಹೊಗಿ ಕಾಟ ಇಲ್ಲೆ" ಅಂದಿದ್ದರಂತೆ. ಆದರೆ ಐವತ್ತು ವರ್ಷ ಎಳೆದ ಹೊಗೆ ಸುಮ್ಮನೆ ಬಿಡುತ್ತದಾ? ಉಬ್ಬಸ ಉಳಿದೇ ಹೋಯ್ತು.

ಈಗ ಎದುರು ಬದಿಯ ವಿಷಯ. ನಮ್ಮ ಮನೆ ಹಾಲಾಡಿ ಪೇಟೆಯಿಂದ ಸ್ವಲ್ಪ ಈಚೆ, ರಸ್ತೆ ಬದಿಗೆ. ಕುಂದಾಪ್ರದಿಂದ ಬಂದ ಬಸ್ಸು ಹಾಲಾಡಿಯಲ್ಲಿ ಶಂಕರನಾರಾಯಣಕ್ಕೆ, ಅಮಾಸೆಬೈಲಿಗೆ, ಗೋಳಿಯಂಗಡಿಗೆ ಅಂತ ಕವಲಾಗುವುದು ನಿಮಗೆ ಗೊತ್ತಿದ್ದದ್ದೇ. ಹಾಗಾಗಿ ನಮಗೆ ಬಸ್ಸಿನ ಸದ್ದು ಅಂದರೆ ಗಡಿಯಾರದ ಸದ್ದು ಇದ್ದ ಹಾಗೆ. ಅದರಲ್ಲಿ ಒಂದು ಬಸ್ಸು ರಾತ್ರಿ ಎಂಟೂವರೆಗೆ ಬಂದು ನಮ್ಮ ಗೇಟಿನ ಪಕ್ಕದ ಬಯಲಲ್ಲಿ ಹಾಲ್ಟ್ ಮಾಡುತ್ತದೆ. ಡ್ರೈವರ್, ಕಂಡಕ್ಟರ್ ಬಸ್ಸಲ್ಲೇ ಮಲಗುತ್ತಾರೆ. ಹೊತಾರೆ 6.10ಕ್ಕೆ ಫಸ್ಟ್ ಟ್ರಿಪ್. ಆದರೆ ಎಂಜಿನ್ ಚಾಲು ಆಗುವುದು 5.35ಕ್ಕೆ. ಆ 35 ನಿಮಿಷ ಬಸ್ಸು ನಿಂತಲ್ಲೇ ಗುಡುಗುಡು ಅನ್ನುತ್ತಾ ಇರುತ್ತದೆ, ಹೊಗೆ ಕೊಳವೆ ಸೀದಾ ನಮ್ಮ ಜಗುಲಿಗೆ ಮುಖ ಮಾಡಿಕೊಂಡು. ಜಗುಲಿಗೆ ತಾಗಿದ ಕೋಣೆಯಲ್ಲಿ ಅತ್ತೆ ಮಲಗುವುದು. ಮೊಣಕಾಲು ನೋವು, ಬಚ್ಚಲು ಹತ್ತಿರ ಆಯ್ತು ಅಂತ ನಾವೇ ಒಳಗಿನ ಕೋಣೆಯಿಂದ ಅಲ್ಲಿಗೆ ಮಾಡಿಸಿದ್ದು.

ಹಪ್ಪಳದ ಮಸಿ ಕಂಡ ದಿನ ನಾನು ಬೈದೆ, ಒರೆಸಿದೆ, ಮರೆತೆ. ಮಳೆಗಾಲ ಕಳೆಯಿತು. ಕಾರ್ತೀಕ ಬರುವ ಹೊತ್ತಿಗೆ ಅತ್ತೆಗೆ ಹೊತಾರೆಯ ಉಬ್ಬಸ ಜೋರಾಯ್ತು. ಹಾಸಿಗೆಯಲ್ಲಿ ಎದ್ದು ಕೂತು, ಎರಡೂ ಕೈಯನ್ನು ಮಂಚಕ್ಕೆ ಊರಿ, ಬಾಯಿ ತೆಗೆದು ಉಸಿರು ಎಳೆಯುವುದು. ನೋಡುಕೆ ಆಗುದಿಲ್ಲ. ಕುಂದಾಪ್ರದ ಡಾಕ್ಟರಿಗೆ ತೋರಿಸಿದೆವು. ಅವರು ಇನ್‌ಹೇಲರ್ ಬದಲು ಮಾಡಿಕೊಟ್ಟು ಒಂದು ಮಾತು ಕೇಂಡ್ರು: "ಯಾವಾಗ ಬರುತ್ತದೆ ಅಂತ ಬರೆದು ಇಟ್ಟಿದ್ದೀರಾ?"

ನಾವು ಹೆಂಗಸರು ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಸಂಘದ ಕಂತು ಎಲ್ಲ ಬರೆದು ಇಡುತ್ತೇವೆ. ಉಸಿರಿನ ಲೆಕ್ಕ ಬರೆದಿಡಬೇಕು ಅಂತ ಯಾರಿಗೆ ಹೊಳೆಯುತ್ತದೆ? ಅವತ್ತಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಅತ್ತೆ ಇನ್‌ಹೇಲರ್ ಕೇಳಿದ ಹೊತ್ತನ್ನು ಆಯಾ ದಿನದ ಚೌಕದಲ್ಲಿ ಪೆನ್ಸಿಲಿನಲ್ಲಿ ಬರೆಯುವುದು. ಮೂರು ವಾರ ಆದ ಮೇಲೆ ದೂರ ನಿಂತು ಕಂಡೆ. ಬಹುಪಾಲು ಚೌಕದಲ್ಲಿ 5.50, 5.55, 6 ಗಂಟೆ. ಐತವಾರದ ಮೂರೂ ಚೌಕ ಖಾಲಿ. ಐತವಾರ ಆ ಬಸ್ಸಿಗೆ ಫಸ್ಟ್ ಟ್ರಿಪ್ ಇಲ್ಲ!

ಮೂರು ಐತವಾರದ ಲೆಕ್ಕ ಹಿಡಿದು ಇದೇ ಕಾರಣ ಅಂತ ಷರಾ ಬರೆಯುಕೆ ಆಗುದಿಲ್ಲ, ಅದು ನನಗೂ ಗೊತ್ತು. ತಂಪು ಗಾಳಿ, ಹಾಸಿಗೆ ಧೂಳು ಎಲ್ಲ ಸೇರಿರಬಹುದು. ಆದರೆ ನನಗೆ ಹಪ್ಪಳದ ಮಸಿ ನೆನಪಾಯ್ತು. ಜಗುಲಿಯ ಹಪ್ಪಳಕ್ಕೆ ಬಂದದ್ದು ಪಕ್ಕದ ಕೋಣೆಯ ಶ್ವಾಸಕ್ಕೆ ಬಾರದೆ ಇರುತ್ತದಾ?

ಮರುದಿನ ಹೊತಾರೆ ಸೀದಾ ಹೊರಟೆ. ತಲೆಗೆ ಒಂದು ಬೈರಾಸು ಸುತ್ತಿಕೊಂಡು, ಇಬ್ಬನಿಯಲ್ಲಿ, ಬಸ್ಸಿನ ಬಾಗಿಲ ಹತ್ತಿರ ಹೋಗಿ ಗಟ್ಟಿಯಾಗಿ ಕೇಂಡೆ: "ಹ್ವಾಯ್, ಅರ್ಧ ಗಂಟಿಯಿಂದ ಚಾಲು ಇಟ್ಕಂಡ್ ಎಂತ ಮಾಡ್ತ್ರಿ? ಒಳ್ಗೆ ನಮ್ಮತ್ತೆ ಉಸ್ರ್ ಎಳುಕ್ ಆಗ್ದೆ ಕೂಕಂಡಿರ್."

ಡ್ರೈವರ್ ಮಾತಾಡಲಿಲ್ಲ. ಕಂಡಕ್ಟರ್ ಹುಡುಗ ನೆಗಾಡಿದ. "ಅಕ್ಕ, ಬಸ್ ಬೇಡ ಅಂದ್ರೆ ಹೇಳಿ. ನಾಳಿಂದ ಬೇರೆ ಬದಿ ಹಾಲ್ಟ್ ಮಾಡುದ್, ಮುಗೀತ್."

ಬಸ್ಸಿಗೆ ಕಾಯುತ್ತಿದ್ದವರು ನಾಲ್ಕೈದು ಮಂದಿ. ಗೇರುಬೀಜದ ಫ್ಯಾಕ್ಟ್ರಿಗೆ ಹೋಗುವ ಹೆಂಗಸರು, ಕುಂದಾಪ್ರದ ಕಾಲೇಜಿನ ಎರಡು ಮಕ್ಕಳು. ಎಲ್ಲರ ಕಣ್ಣೂ ನನ್ನ ಮೇಲೆ. ನನ್ನ ಪರವಾಗಿ ಒಬ್ಬರೂ ಬಾಯಿ ತೆಗೆಯಲಿಲ್ಲ. ಬೈಸಾರಿ ಅವರಲ್ಲೊಬ್ಬಳು ಗೇಟಿನ ಹತ್ತಿರ ಬಂದು ಮೆಲ್ಲ ಹೇಳಿದಳು: "ಅಕ್ಕ, ನಿಮ್ ಕಷ್ಟ ಗೊತ್ತಿತ್ತ್. ಆರೆ ಆ ಬಸ್ ಇಲ್ಲಿಂದ ಹೋರೆ ನಾನ್ ಕತ್ಲಿಯಂಗೆ ಪೇಟೆವರಿಗೆ ನಡಿಕ್. ಕೆಲ್ಸ ಬಿಡ್ಕ್ ಆತ್."

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಒಳಗೆ ಅತ್ತೆಯ ಉಸಿರು, ಹೊರಗೆ ಅವಳ ಕೂಲಿ. ಯಾವುದನ್ನು ಸಣ್ಣದು ಅಂತ ಹೇಳುವುದು? ಬಸ್ಸು ಬೇಡ ಅಂತ ನಾನು ಯಾವತ್ತೂ ಹೇಳಲಿಲ್ಲ. ನಮ್ಮ ಊರು ಪೇಟೆ ಕಂಡದ್ದೇ ಬಸ್ಸಿಂದ. ನನಗೆ ಬೇಡ ಆದದ್ದು ಓಡುವ ಬಸ್ಸಲ್ಲ, ನಿಂತು ಉರಿಯುವ ಬಸ್ಸು. ಈ ಎರಡನ್ನು ಬಿಡಿಸಿ ಹೇಳುಕೆ ಅವತ್ತು ನನಗೆ ಬಾಯಿ ಬರಲಿಲ್ಲ, ಕೋಪ ಮುಂದೆ ಬಂತು.

ನಾಲ್ಕು ದಿನ ಬಿಟ್ಟು ಡ್ರೈವರೇ ಬಂದರು. ಅವರು ಹೊತಾರೆ ಮುಖಕ್ಕೆ ನೀರು ಹಾಕಿಕೊಳ್ಳುವುದು ನಮ್ಮ ಬಾವಿಕಟ್ಟೆಯಲ್ಲೇ. ಜಗಳ ಆದ ಮೇಲೆ ಬರುವುದು ಬಿಟ್ಟಿದ್ದರು. ಅವತ್ತು ಕೊಡಪಾನ ಹಿಡಿದು ಗೇಟಿನಲ್ಲೇ ನಿಂತು, "ನೀರ್ ತಕಂಬುದಾ ಅಕ್ಕ?" ಅಂದರು. ಕೇಳುವಾಗಲೇ ಕೆಮ್ಮು ಬಂತು ಅವರಿಗೆ. ಅತ್ತೆಯದೇ ಜಾತಿಯ ಕೆಮ್ಮು. ನನಗೆ ನಾಚಿಕೆ ಆಯ್ತು. "ಬನ್ನಿ ಅಣ್ಣ, ಕೂಕಣಿ, ಚಾ ಕುಡ್ಕಂಡ್ ಹೋಯ್ಲಕ್" ಅಂದೆ.

ಚಾ ಕುಡಿಯುತ್ತಾ ಅವರು ಹೇಳಿದ್ದು ಇದು. ಆ ಬಸ್ಸಿನ ಬ್ಯಾಟ್ರಿ ಮುಗಿದು ವರ್ಷ ಆಗಿದೆ. ಸೆಲ್ಫ್ ಹೊಡೆದರೆ ಒಂದು ದಿನ ಹತ್ತಿತು, ಒಂದು ದಿನ ಇಲ್ಲ. ಬಯಲಿನ ಇಳಿಜಾರಿನಲ್ಲಿ ನಿಲ್ಲಿಸುವುದೇ ಅದಕ್ಕೆ, ಹತ್ತದಿದ್ದರೆ ಉರುಳಿಸಿ ಚಾಲು ಮಾಡುಕೆ. "ಒಂದ್ಸಲ ಹತ್ತಿದ್ ಮೇಲೆ ಬಂದ್ ಮಾಡುಕ್ ಧೈರ್ಯ ಇಲ್ಲೆ ಅಕ್ಕ. ಮತ್ತ್ ಹತ್ತದೇ ಹೋರೆ ದೂಡುಕೆ ಆ ಹೊತ್ತಿಗ್ ಜನ ಎಲ್ಲಿದ್ರ್?" ಎರಡನೇದು ಏರ್. ದೊಡ್ಡ ಬಸ್ಸಿನ ಬ್ರೇಕು ನಡೆಯುವುದು ಗಾಳಿಯ ಒತ್ತಡದಲ್ಲಿ. ರಾತ್ರಿ ನಿಂತಾಗ ಎಲ್ಲೋ ಸಣ್ಣ ಸೋರಿಕೆ ಇದ್ದರೆ ಹೊತಾರೆಗೆ ಟ್ಯಾಂಕಿಯ ಗಾಳಿ ಇಳಿದಿರುತ್ತದೆ. ಎಂಜಿನ್ ಓಡಿದರೆ ಮಾತ್ರ ಮತ್ತೆ ತುಂಬುವುದು. ಏರ್ ಹಿಡಿಯದೆ ಬಸ್ಸು ತೆಗೆದರೆ ಬ್ರೇಕ್ ಇಲ್ಲ. ಮೂರನೇದು ಟೈಮಿಂಗ್. 6.10ರ ಬಸ್ಸು 6.14ಕ್ಕೆ ಹೊರಟರೆ ಹಿಂದಿನ ಬಸ್ಸಿನವರ ಜೊತೆ ಕುಂದಾಪ್ರದವರೆಗೆ ಜಗಳ. ಇಷ್ಟೂ ಹೆದರಿಕೆಗೆ ಮದ್ದು ಅಂದರೆ ಬೇಗ ಚಾಲು ಮಾಡಿ ಇಡುವುದು. "ಹೊಗಿ ಕುಡುದ್ ನಾನೂ ಅಲ್ದಾ? ನಿಮ್ಗೆ ಗೋಡಿ ಇತ್ತ್, ನಂಗೆ ಅದೂ ಇಲ್ಲೆ."

ಆ ಮಾತು ನನಗೆ ತಾಗಿತು. ನಾನು ಬೈದದ್ದು ನಮ್ಮತ್ತೆಗಿಂತ ಹೆಚ್ಚು ಆ ಹೊಗೆಯನ್ನು ಕುಡಿದ ಮನುಷ್ಯನಿಗೆ.

ನನ್ನ ಅಣ್ಣನ ಮಗ ಕೋಟೇಶ್ವರದಲ್ಲಿ ಗ್ಯಾರೇಜಿನ ಕೆಲಸ ಮಾಡುವವನು. ಅವನು ಮನೆಗೆ ಬಂದಾಗ ಎಲ್ಲ ಕೇಂಡೆ. ಏರ್ ವಿಷಯ ಸತ್ಯ, ಆದರೆ ಸೋರಿಕೆ ಇಲ್ಲದ ಬಸ್ಸಿಗೆ ಅದು ಕೆಲವೇ ನಿಮಿಷದ ಕೆಲಸ ಅಂದ. ದೂರ ಓಡಿ ಬಂದ ಟರ್ಬೊ ಎಂಜಿನ್ನನ್ನು ಬಂದ್ ಮಾಡುವ ಮೊದಲು ಒಂದೆರಡು ನಿಮಿಷ ಹಾಗೇ ಬಿಡಬೇಕು, ಅದೂ ಸರಿ. ಆದರೆ ಹೊತಾರೆ ಅರ್ಧ ಗಂಟೆ ನಿಲ್ಲಿಸಿ "ಬಿಸಿ ಮಾಡುವುದು" ಎಂಜಿನ್ನಿಗೆ ಒಳ್ಳೆಯದಲ್ಲ, ಕೆಟ್ಟದು. ನಿಂತಲ್ಲೇ ಓಡುವ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಬಿಸಿ ಆಗದಿದ್ದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಅರೆಬೆಂದದ್ದು ಸ್ವಲ್ಪ ಹೊಗೆಯಾಗಿ ಹೊರಗೆ, ಸ್ವಲ್ಪ ಇಳಿದು ಆಯಿಲ್ ಜೊತೆ ಸೇರುತ್ತದೆ, ಸ್ವಲ್ಪ ನಾಝಲ್‌ಗೆ ಇದ್ದಿಲಿನ ಹಾಗೆ ಅಂಟುತ್ತದೆ. ಮೆಲ್ಲ ಓಡಿಸಿಕೊಂಡು ಹೋದರೆ ಬೇಗ ಬಿಸಿಯಾಗುತ್ತದೆ.

ಅತ್ತೆ ಜಗುಲಿಯಿಂದಲೇ ಕೇಳುತ್ತಾ ಇದ್ದರು. "ಹಾಂಗಾರೆ ಹಸಿ ಸೌದಿ ಕಣೆಗೆ ಆಯ್ತಲ್ಲ ಮಗಾ. ಉರಿ ಇಲ್ಲೆ, ಹೊಗಿ ಮಾತ್ರ" ಅಂದರು. ಆಮೇಲೆ ನನ್ನ ಬದಿಗೆ ತಿರುಗಿ, "ಪಾತ್ರಿ ಇಡ್ದೆ ಒಲಿಗ್ ಬೆಂಕಿ ಹಾಕುದ್ ಕಂಡಿದ್ಯಾ ಹೆಣ್ಣೆ ನೀನ್? ಈ ಬಸ್ಸಿಂದ್ ಅದೇ ಕತಿ" ಅಂದರು. ಇಷ್ಟು ದಿನ ನಾನು ಹೇಳುಕೆ ಒದ್ದಾಡಿದ್ದನ್ನು ಅವರು ಒಂದೇ ಮಾತಲ್ಲಿ ಮುಗಿಸಿದರು.

ಓಡುವ ಬಸ್ಸೂ ಹೊಗೆ ಬಿಡುತ್ತದೆ, ಆದರೆ ಅದು ದಾರಿಯುದ್ದಕ್ಕೂ ಹರಡಿ ಗಾಳಿಯಲ್ಲಿ ತೆಳುವಾಗುತ್ತದೆ. ನಿಂತ ಬಸ್ಸಿನದು ನಿಂತಲ್ಲೇ ದಪ್ಪವಾಗುತ್ತದೆ. ಧನುರ್ಮಾಸದ ಹೊತಾರೆಗಂತೂ ನೆಲದ ಹತ್ತಿರದ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ ಇರುವುದರಿಂದ ಹೊಗೆ ಮೇಲೆ ಏಳುವುದಿಲ್ಲ. ಇಬ್ಬನಿ ಬಿದ್ದ ದಿನ ಒಲೆಯ ಹೊಗೆ ಮಾಡಿನ ಕೆಳಗೇ ಸುತ್ತುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ.

ಕಣ್ಣಿಗೆ ಕಂಡ ಕರಿ ಹುಡಿ ದೊಡ್ಡ ಹೆದರಿಕೆಯದ್ದಲ್ಲವಂತೆ. ಅದು ಮೂಗಲ್ಲಿ, ಗಂಟಲಲ್ಲಿ ನಿಂತೀತು. ಹೆದರಬೇಕಾದದ್ದು ಕಾಣದ ಕಣಕ್ಕೆ. ಸುದ್ದಿಯಲ್ಲಿ ಪಿ.ಎಂ. 2.5 ಅನ್ನುತ್ತಾರಲ್ಲ, ಅದು ಎರಡೂವರೆ ಮೈಕ್ರಾನಿಗಿಂತ ಸಣ್ಣದು. ನಮ್ಮ ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 50ರಿಂದ 70 ಮೈಕ್ರಾನ್. ಡೀಸೆಲ್ ಮಸಿಯ ಕಣ ಅದಕ್ಕಿಂತಲೂ ಎಷ್ಟೋ ಸಣ್ಣದು, ಶ್ವಾಸಕೋಶದ ಕೊನೆಯ ಗೂಡಿನವರೆಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲಿ ಡೀಸೆಲ್ ಹೊಗೆಯನ್ನು "ಬಹುಶಃ ಕ್ಯಾನ್ಸರ್ ತರಬಹುದು" ಅನ್ನುವ ಪಟ್ಟಿಯಲ್ಲಿ ಇಟ್ಟಿತ್ತು. 2012ರ ಜೂನ್‌ನಲ್ಲಿ "ತರುತ್ತದೆ" ಅನ್ನುವ ಮೊದಲ ಪಟ್ಟಿಗೆ ಏರಿಸಿತು. ಬೀಡಿ ಸಿಗರೇಟಿನ ಹೊಗೆ ಇರುವುದೂ ಅದೇ ಪಟ್ಟಿಯಲ್ಲಿ. ನಮ್ಮ ಸೌದೆ ಒಲೆಯ ಹೊಗೆ ಒಂದು ಮೆಟ್ಟಿಲು ಕೆಳಗೆ, "ತರಬಹುದು" ಪಟ್ಟಿಯಲ್ಲಿದೆ. ಪಟ್ಟಿ ಹೇಳುವುದು ಸಾಕ್ಷಿ ಎಷ್ಟು ಗಟ್ಟಿ ಅಂತ ಮಾತ್ರ. ಬಸ್ಸಿನ ಹತ್ತಿರ ನಿಂತವರಿಗೆಲ್ಲ ಕಾಯಿಲೆ ಬರುತ್ತದೆ ಅಂತ ಅಲ್ಲ. ಹೆದರಿಸುಕೆ ಬರೆದದ್ದಲ್ಲ ಕಾಣಿ. ಆದರೆ ಉಬ್ಬಸ ಇದ್ದವರಿಗೆ, ಎದೆ ನೋವಿನವರಿಗೆ, ಮಕ್ಕಳಿಗೆ ಈ ಹೊಗೆ ಆವತ್ತಿನ ದಿನವೇ ತಾಗುವುದು ಹೌದು.

"ಈಗ ಹೊಸ ಡೀಸೆಲ್ ಬಂದಿತ್ತಲ್ಲ?" ಅಂದೆ. ಬಂದದ್ದು ಹೌದು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್ 6. ಡೀಸೆಲಿನ ಗಂಧಕ ಹತ್ತು ಲಕ್ಷಕ್ಕೆ 50 ಪಾಲು ಇದ್ದದ್ದು 10ಕ್ಕೆ ಇಳಿಯಿತು, ಹೊಸ ಬಂಡಿಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬಂತು. ಆದರೆ ನಮ್ಮ ಗೇಟಿನ ಬಸ್ಸು ಅದಕ್ಕಿಂತ ಹಳೆಯದು. ಕುಡಿಯುವುದು ಹೊಸ ಡೀಸೆಲ್, ಕೊಳವೆಯಲ್ಲಿ ಫಿಲ್ಟರ್ ಇಲ್ಲ. ಇನ್ನು ಹೊಸ ಬಸ್ಸೇ ಆದರೂ ನಿಂತಲ್ಲೇ ಓಡಿಸಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದಂತೆ, ಅದರೊಳಗಿನ ಮಸಿ ಸುಟ್ಟುಹೋಗಬೇಕಾದರೆ ಒಳ್ಳೆ ಬಿಸಿ ಬೇಕು.

ಹುಡುಗ ಒಂದು ಚೀಟಿಯಲ್ಲಿ ಲೆಕ್ಕ ಬರೆದ. ದೊಡ್ಡ ಬಸ್ಸಿನ ಎಂಜಿನ್ ನಿಂತಲ್ಲೇ ಗಂಟೆಗೆ ಒಂದರಿಂದ ಎರಡು ಲೀಟರ್ ಕುಡಿಯುತ್ತದೆ. ಒಂದೂವರೆ ಅಂತ ಹಿಡಿ. ದಿನಕ್ಕೆ 25 ನಿಮಿಷ ಉಳಿದರೆ ಅರ್ಧ ಲೀಟರಿಗೂ ಮೇಲೆ. ವರ್ಷದಲ್ಲಿ 300 ದಿನಕ್ಕೆ ಹತ್ತಿರ ಹತ್ತಿರ 187 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ 16 ಸಾವಿರಕ್ಕೂ ಮೇಲೆ. ಬ್ಯಾಟ್ರಿಯ ಖರ್ಚಿನ ದೊಡ್ಡ ಪಾಲು ಒಂದೇ ವರ್ಷದಲ್ಲಿ ಅಲ್ಲೇ ಹುಟ್ಟುತ್ತದೆ. ಆ ಚೀಟಿಯನ್ನು ಡ್ರೈವರಣ್ಣನ ಕೈಗೆ ಕೊಟ್ಟೆ. "ದಣಿಗಳಿಗೆ ತೋರ್ಸಿ. ಹೊಗಿ ಮಾತ್ ಬೇಡ, ದುಡ್ಡಿನ್ ಮಾತೇ ಹೇಳಿ" ಅಂದೆ.

ನನ್ನ ತಂಗಿಯ ಮಗಳು ಉಡುಪಿಯಲ್ಲಿ ಕಾನೂನು ಓದುತ್ತಾಳೆ. ಅವಳು ಫೋನಿನಲ್ಲಿ ಬೇರೆಯೇ ದಾರಿ ತೋರಿಸಿದಳು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ 126ನೇ ಕಲಂ ಇದೆಯಂತೆ. ಸಾರ್ವಜನಿಕ ಜಾಗದಲ್ಲಿ ಬಂಡಿ ನಿಲ್ಲಿಸಿದರೆ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇದ್ದವರು ಕೂತಿರಬೇಕು. ಇಲ್ಲವಾದರೆ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ, ಬಂಡಿ ತಾನಾಗಿ ಉರುಳದ ಹಾಗೆ ಮಾಡಿರಬೇಕು. ಅಂದರೆ ಬಸ್ಸು ಚಾಲು ಇಟ್ಟು ಚಾ ಕುಡಿಯುಕೆ ಹೋಗುವುದು ಕಾನೂನಿಗೇ ವಿರುದ್ಧ. ಅದು ಹೊಗೆಗಾಗಿ ಮಾಡಿದ ಕಲಂ ಅಲ್ಲ, ಅಪಘಾತ ಆಗದಿರಲಿ ಅಂತ ಮಾಡಿದ್ದು. "ದೂರು ಕೊಡಿ ದೊಡ್ಡಮ್ಮ" ಅಂದಳು. ನಾನು ಕೊಡಲಿಲ್ಲ. ಕಲಂ ಗೊತ್ತಿರಲಿ. ಆದರೆ ನಮ್ಮ ಬಾವಿಯ ನೀರು ಕುಡಿಯುವವರ ಮೇಲೆ ಮೊದಲು ಬಾಯಿ ಮಾತು, ಆಮೇಲೆ ಕಾಗದ.

ಕೊಡದೇ ಇದ್ದದ್ದು ಒಳ್ಳೆಯದೇ ಆಯ್ತು. ಯಾಕೆಂದರೆ ಅದೇ ವಾರ ಡ್ರೈವರಣ್ಣ ಚಾ ಲೋಟ ಇಡುತ್ತಾ ನೆಗಾಡಿಕೊಂಡು ಒಂದು ಮಾತು ಹೇಳಿದರು: "ಅಕ್ಕ, ನೀವ್ ನಂಗ್ ಬೈದ್ರಿ, ಅಡ್ಡಿಲ್ಲೆ. ಆರೆ ನಿಮ್ ಗೇಟಿನ್ ಎದ್ರ್ ಶಾಲಿ ವ್ಯಾನ್ ದಿನಾ ನಿಂತಿರತ್ತಲೆ, ಅದ್ ಬಿಡುದ್ ಊದುಬತ್ತಿ ಹೊಗಿಯಾ?"

ನನ್ನ ಬಾಯಿ ಕಟ್ಟಿತು. ನಮ್ಮನೆ ಕೂಸು ನಾಲ್ಕನೇ ಕ್ಲಾಸು. 8.10ಕ್ಕೆ ವ್ಯಾನು. ಅದು ಹಾರ್ನ್ ಹಾಕುವಾಗ ಇವಳ ಒಂದು ಜಡೆ ಆಗಿರುತ್ತದೆ, ಇನ್ನೊಂದು ನನ್ನ ಕೈಯಲ್ಲಿ. ನೀರಿನ ಬಾಟ್ಲಿ ತುಂಬಿಸಿರುವುದಿಲ್ಲ. "ಒಂದ್ ನಿಮಿಷ ಅಣ್ಣ!" ಅಂತ ಒಳಗಿನಿಂದ ಕೂಗುವುದು. ಆ ಒಂದು ನಿಮಿಷ ಮೂರು ನಿಮಿಷ, ನಾಲ್ಕು ನಿಮಿಷ. ಡ್ರೈವರಣ್ಣ ಎರಡನೇ ಟ್ರಿಪ್ಪಿನಲ್ಲಿ ಬರುವಾಗ ಆ ವ್ಯಾನಿನ ಹಿಂದೆ ಸಿಕ್ಕಿಕೊಂಡು ದಿನಾ ಕಾಣುತ್ತಿದ್ದರು.

ಮರುದಿನ ಹೊರಗೆ ನಿಂತು ನಾನೇ ಕಂಡೆ. ವ್ಯಾನಿನಲ್ಲಿ ಹನ್ನೆರಡು ಮಕ್ಕಳು. ಕಿಟಕಿ ತೆಗೆದಿದೆ. ಎಂಜಿನ್ ಗುಡುಗುಡು. ಹಿಂದಿನ ಹೊಗೆ ಬಾಗಿಲ ಬದಿಗೇ ಸುತ್ತಿಕೊಂಡು ಬರುತ್ತಿದೆ. ಓಡಿ ಹೋಗಿ ಹತ್ತುವ ಮಕ್ಕಳ ಮೂಗು ಸರೀ ಆ ಕೊಳವೆಯಿಂದ ಎರಡು ಮೊಳ ಮೇಲೆ. ನಮ್ಮನೆಯಲ್ಲಿ ನಾಲ್ಕು ನಿಮಿಷ, ಮುಂದಿನ ಮನೆಯಲ್ಲಿ ಮೂರು, ತಿರುವಿನ ಮನೆಯಲ್ಲಿ ಎರಡು. ಎಲ್ಲ ಸೇರಿದರೆ ಆ ಮಕ್ಕಳು ದಿನಾ ಅರ್ಧ ಗಂಟೆ ನಿಂತ ವ್ಯಾನಿನ ಹೊಗೆಯಲ್ಲಿ. ನಮ್ಮತ್ತೆಗೆ ಬಸ್ಸು ಮಾಡಿದ್ದನ್ನು ನಾನು ಬೇರೆಯವರ ಮಕ್ಕಳಿಗೆ ಮಾಡುತ್ತಾ ಇದ್ದೆ, ಜಡೆ ಹಾಕುತ್ತಾ.

ಈ ತಾಪತ್ರಯ ನಮ್ಮೂರಿಗೆ ಮಾತ್ರ ಇದ್ದದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2003ರಲ್ಲೇ ನಿಯಮ ಬಂತು. ಶಾಲೆಯ ಹತ್ತಿರ ಬಂದ ಸ್ಕೂಲ್ ಬಸ್ಸು ಎಂಜಿನ್ ಬಂದ್ ಮಾಡಬೇಕು, ಹೊರಡುವುದಕ್ಕೆ 30 ಸೆಕೆಂಡ್ ಇರುವಾಗ ಮಾತ್ರ ಚಾಲು ಮಾಡಬೇಕು ಅಂತ. ಡೆಲ್ಲಿಯಲ್ಲಿ 2020ರ ಅಕ್ಟೋಬರಿನಲ್ಲಿ ಸಿಗ್ನಲ್ ಕೆಂಪಾದರೆ ಗಾಡಿ ಬಂದ್ ಮಾಡಿ ಅಂತ ಅಭಿಯಾನ ಮಾಡಿದರು. ನಮ್ಮ ಹಾಲಾಡಿಯಲ್ಲಿ ಸಿಗ್ನಲ್ಲೂ ಇಲ್ಲ, ಡೆಲ್ಲಿಯ ಮಂಜೂ ಇಲ್ಲ. ಆದರೆ ಗೇಟು ಇದೆ, ಗೇಟಿನೆದುರು ಕಾಯುವ ಬಂಡಿ ಇದೆ. ಚಾಲು ಇಟ್ಟು ಕಾಯುವ ಬಂಡಿ ಯಾರನ್ನೋ ಕಾಯುತ್ತಾ ಇರುತ್ತದೆ. ಆ "ಯಾರೋ" ತುಂಬಾ ಸಲ ನಾವೇ.

ಈಗ ನಮ್ಮನೆಯಲ್ಲಿ ಜಡೆ ಏಳೂಮುಕ್ಕಾಲಿಗೆ. ಬಾಟ್ಲಿ, ಬ್ಯಾಗು ರಾತ್ರಿಯೇ ಬಾಗಿಲ ಹತ್ತಿರ. 8.05ಕ್ಕೆ ನಾವಿಬ್ಬರೂ ಗೇಟಿನಲ್ಲಿ. ಆಚೆ ಮನೆಯವಳಿಗೂ ಹೇಳಿದೆ, ಅವಳ ಮಗನೂ ನಮ್ಮ ಗೇಟಿಗೇ ಬರುತ್ತಾನೆ. ಎರಡು ಕಡೆ ನಿಲ್ಲುವುದು ಒಂದಾಯ್ತು. ವ್ಯಾನಿನ ಅಣ್ಣನಿಗೆ ಹೇಳಿದ್ದು ಇಷ್ಟೇ: "ಯಾರಾರೂ ತಡ ಮಾಡ್ರೆ ಚಾವಿ ತಿರ್ಸಿ ಬಿಡಿ ಅಣ್ಣ, ನಿಮ್ ಡೀಸಲ್ಲೂ ಉಳೀತ್." ಅವರ ಬ್ಯಾಟ್ರಿ ಒಳ್ಳೇದಿತ್ತು, ಹತ್ತದೇ ಹೋದೀತು ಅನ್ನುವ ಹೆದರಿಕೆ ಇರಲಿಲ್ಲ. ಯಾರೂ ಹೇಳಿರಲಿಲ್ಲ, ಅಷ್ಟೆ. ನಮ್ಮನೆಯವರ ಪಿಕಪ್ಪಿಗೂ ಅದೇ ಮಾತು. ಮೊದಲು ತೆಂಗಿನಕಾಯಿ ಲೋಡು ಮುಗಿಯುವವರೆಗೆ ಅಂಗಳದಲ್ಲಿ ಚಾಲು ಇರುತ್ತಿತ್ತು, ಹಾಡು ಕೇಳುಕೆ! ನಾನು ಒಣಗಿಸಿದ ಬಟ್ಟೆಯನ್ನು ಅವರ ಮೂಗಿಗೇ ಹಿಡಿದ ಮೇಲೆ ಬಂದ್ ಮಾಡಿದರು.

ಇನ್ನು ಬಸ್ಸು. ಮೊದಲು ಆದದ್ದು ಒಂದು ಪೈಸೆ ಖರ್ಚಿಲ್ಲದ ಕೆಲಸ. ನಮ್ಮನೆಯವರೂ ಡ್ರೈವರಣ್ಣನೂ ಬಯಲಲ್ಲಿ ನಿಂತು ಕಂಡು, ಬಸ್ಸನ್ನು ಹತ್ತು ಮಾರು ಮುಂದೆ, ಹೊಗೆ ಕೊಳವೆ ಹಡಿಯ ಬದಿಗೆ ಬರುವ ಹಾಗೆ ನಿಲ್ಲಿಸುವುದು ಅಂತ ಮಾಡಿದರು. ಇಳಿಜಾರು ಅಲ್ಲೂ ಇತ್ತು. ಸಂಕ್ರಾಂತಿ ಕಳೆದ ಮೇಲೆ ಹೊಸ ಬ್ಯಾಟ್ರಿ ಬಂತು, ಏರ್ ಸೋರುವ ಒಂದು ಪೈಪನ್ನೂ ಬದಲು ಮಾಡಿಸಿದರಂತೆ. ಚೀಟಿಯ ಲೆಕ್ಕ ಕೆಲಸ ಮಾಡಿತೋ, ಒಂದು ದಿನ ಬಸ್ಸು ಹತ್ತದೆ ಟ್ರಿಪ್ ತಪ್ಪಿದ್ದು ಕೆಲಸ ಮಾಡಿತೋ, ದಣಿಗಳಿಗೇ ಗೊತ್ತು. ಈಗ ಚಾಲು ಆಗುವುದು 6 ಗಂಟೆಗೆ. 6.10ಕ್ಕೆ ಹೊರಡುತ್ತದೆ. ಜೋರು ಮಳೆಯ ದಿನ, ಚಳಿಯ ದಿನ ಮೊದಲಿನ ಹಾಗೆ ಬೇಗ ಚಾಲು ಮಾಡಿದ್ದೂ ಇದೆ. ಹಾಗೆ ಮಾಡುವ ದಿನ ಡ್ರೈವರಣ್ಣ ಕಿಟಕಿಯಿಂದ ಕೈ ಎತ್ತಿ ತೋರಿಸುತ್ತಾರೆ. ನಾನು ಅತ್ತೆಯ ಕೋಣೆಯ ಕಿಟಕಿ ಮುಚ್ಚುತ್ತೇನೆ.

ಅತ್ತೆಯ ಉಬ್ಬಸ ಹೋಯ್ತಾ ಅಂತ ಕೇಂತ್ರಿ. ಇಲ್ಲ. ಐವತ್ತು ವರ್ಷದ ಒಲೆ ಹೊಗೆ ಹತ್ತು ತಿಂಗಳಲ್ಲಿ ಇಳಿಯುವುದಲ್ಲ. ಇನ್‌ಹೇಲರ್ ತಲೆದಿಂಬಿನ ಪಕ್ಕದಲ್ಲೇ ಇದೆ. ಆದರೆ ಕ್ಯಾಲೆಂಡರಿನಲ್ಲಿ ಪೆನ್ಸಿಲಿನ ಗುರುತು ವಾರಕ್ಕೆ ಐದಾರು ಇದ್ದದ್ದು ಈಗ ಒಂದೋ ಎರಡೋ. ಹೊತಾರೆ ಆರೂವರೆವರೆಗೆ ಮಲಗುತ್ತಾರೆ. ಎದ್ದ ಮೇಲೆ, "ಬಸ್ ಹೋಯ್ತಾ? ಸದ್ದೇ ಕೇಣ್ಲಿಲ್ಲೆ" ಅಂತ ಕೇಳುತ್ತಾರೆ. ಆ ಮಾತು ಕೇಳುವಾಗ ನನಗೆ ಆಗುವ ನೆಮ್ಮದಿ ಬರೆದು ಮುಗಿಯುದಿಲ್ಲ.

ಗೇರುಬೀಜದ ಕೆಲಸಕ್ಕೆ ಹೋಗುವ ಅವಳು ಈಗಲೂ ಅದೇ ಬಸ್ಸಿಗೆ, ಅದೇ ಗೇಟಿನ ಹತ್ತಿರ ಕಾಯುತ್ತಾಳೆ. ಮೊನ್ನೆ ಹೇಳಿದಳು: "ಅಕ್ಕ, ಮೊದ್ಲ್ ಬಸ್ ಹತ್ತುದ್ರೊಳ್ಗೆ ತಲಿ ನೋವು ಶುರು ಆಯ್ತಿತ್ತ್. ನಾನ್ ಉಪಾಸ ಹೋಪುದಕ್ಕೆ ಅಂತ ಎಣ್ಸಿದ್ದೆ."

ನಿಮ್ಮ ಮನೆಯ ಹತ್ತಿರ ಹೀಗೆ ನಿಂತು ಉರಿಯುವುದು ಎಂತ ಇದೆ, ಒಮ್ಮೆ ಕಾಣಿ. ಮದುವೆ ಹಾಲಿನೆದುರು ಎ.ಸಿ. ಹಾಕಿಕೊಂಡು ನಿಂತ ಕಾರು, ಗದ್ದೆ ಬದಿಯಲ್ಲಿ ಚಾ ಕುಡಿಯುವಾಗಲೂ ಬಡಬಡ ಅನ್ನುವ ಟಿಲ್ಲರ್, ಕಲ್ಲು ಇಳಿಸುವ ಲಾರಿ. ಜಗಳ ಮಾಡುಕೆ ಹೋಗಬೇಡಿ, ನಾನು ಹೋಗಿ ಕಂಡಾಗಿದೆ. ಒಂದು ಲೋಟ ಚಾ ಕೊಟ್ಟು, ಯಾಕೆ ಬಂದ್ ಮಾಡುದಿಲ್ಲ ಅಂತ ಕೇಣಿ. ಹೆಚ್ಚಿನ ಸಲ ಒಂದು ಕಾರಣ ಇರುತ್ತದೆ. ಕೆಲವು ಸಲ ಆ ಕಾರಣ ನಮ್ಮ ಜಡೆಯೇ ಆಗಿರುತ್ತದೆ.

ಈ ವರ್ಷದ ಹಪ್ಪಳ ಮೊನ್ನೆ ಮುಗಿಯಿತು, ನೂರೈವತ್ತು ಆಯ್ತು. ಬೇಕು ಅಂತಲೇ ಒಂದು ರಾತ್ರಿ ಜಗುಲಿಯಲ್ಲಿ ಮುಚ್ಚದೆ ಇಟ್ಟೆ. ಹೊತಾರೆ ಬೆರಳಲ್ಲಿ ಒರೆಸಿದರೆ ಸ್ವಲ್ಪ ಮಣ್ಣಿನ ಧೂಳು ಬಂತು, ರಸ್ತೆ ಬದಿಯ ಮನೆ, ಅದು ಇದ್ದದ್ದೇ. ಅತ್ತೆ ಒಂದು ಹಪ್ಪಳ ತೆಗೆದು ಮೂಗಿನ ಹತ್ತಿರ ಹಿಡಿದರು. "ಹ್ಮ್. ಹಲ್ಸಿನ್ ವಾಸ್ನಿ ಬತ್ತಿತ್ತ್" ಅಂದರು. ಡ್ರೈವರಣ್ಣನ ಮನೆಗೆ ಇಪ್ಪತ್ತು ಕಟ್ಟಿ ಕೊಟ್ಟೆ. ಉಳಿದದ್ದು ಡಬ್ಬಿಯಲ್ಲಿದೆ, ಬಂದವರಿಗೆ ಸುಟ್ಟು ಕೊಡ್ತೆ, ಬನ್ನಿ.